ಸಂಪಾದಕರ ಉತ್ತರ: ನಿಮ್ಮ ಕಂಡಕ್ಟರ್ ಟಿಕೆಟ್ಟೇ ಕೊಡಲ್ವಲ್ಲ!

ಗದಗದಿಂದ ಬರೆದ ಓದುಗರಿಗೆ ನಮಸ್ಕಾರ. ಪತ್ರ ಸ್ವಲ್ಪ ಖಾರವಾಗೇ ಇತ್ತು, ಇರ್ಲಿ ಬಿಡಿ. "ಪಾತ್ರಕ್ಕೆ ಜೀವ ಇಲ್ಲ ಅಂತ ಒಂದೇ ಸಾಲು ಗೀಚಿ ಕತೆ ವಾಪಸ್ ಕಳಿಸಿದ್ರಿ, ನಾನು ಕಂಡಕ್ಟರ್ ಬಗ್ಗೆ ಮೂರು ಪೇಜ್ ನೋಟ್ಸ್ ಮಾಡ್ಕೊಂಡೇ ಬರೆದಿದ್ದು, ಇನ್ನೇನು ಬೇಕು ನಿಮಗೆ" ಅಂತ ಕೇಳಿದ್ದೀರಿ.

ಆ ನೋಟ್ಸ್ ಎಲ್ಲಾ ಕತೆಯಲ್ಲಿ ಹಾಗೇ ಬಂದು ಕೂತಿದೆ ಸಾರ್, ಅದೇ ತಾಪತ್ರಯ. ವಯಸ್ಸು, ಎತ್ತರ, ಗೋಧಿ ಬಣ್ಣ, ಮೃದು ಸ್ವಭಾವ, ಮದುವೆ ಬ್ರೋಕರ್ ಕೊಡೋ ಬಯೋಡೇಟಾ ಥರ. ಆದ್ರೆ ಈ ಮನುಷ್ಯ ಇಡೀ ಕತೆಯಲ್ಲಿ ಒಬ್ರಿಗೂ ಟಿಕೆಟ್ ಕೊಡಲ್ಲ, ಕಿಟಕಿ ನೋಡ್ಕೊಂಡು ಯೋಚನೆ ಮಾಡ್ತಾನೆ ಅಷ್ಟೆ. ಯಾವ ಕಂಡಕ್ಟರ್‌ಗೆ ಅಷ್ಟು ಪುರುಸೊತ್ತಿರುತ್ತೆ ಹೇಳಿ?

ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನನ್ನೇ ತಗೊಳ್ಳಿ, 1933ರ ಕಾದಂಬರಿ. ಅವನು ಎಷ್ಟು ಎತ್ತರ ಇದ್ದ ಅಂತ ಯಾರಾದ್ರೂ ತಲೆ ಕೆಡಿಸ್ಕೊಂಡಿದ್ದಾರಾ? ಮನೇಲಿ ಎತ್ತಿದೆ, ಉಳೋ ಆಸೆ ಇದೆ, ಆದ್ರೆ ಅವನ ಜಾತಿಯವರು ಬೇಸಾಯ ಮಾಡಬಾರದು ಅನ್ನೋ ಕಟ್ಟು. ಅದರ ಜೊತೆಗೆ ಹೆಂಡದ ಚಟ ಬೇರೆ. ಸಿಟ್ಟು ಬಂದ್ರೂ ದುಡಿ ಅನ್ನೋ ಆ ಚರ್ಮವಾದ್ಯ ಬಾರಿಸ್ತಾನೆ, ಖುಷಿ ಆದ್ರೂ ಅದನ್ನೇ ಬಾರಿಸ್ತಾನೆ. ಅವನು ಬರೀ ಪಾಪದವನಾಗಿದ್ರೆ ನಾವು ಅಯ್ಯೋ ಅಂದು ಪುಟ ತಿರುವಿಬಿಡ್ತಿದ್ವಿ.

ನಿಮ್ಮವನಿಗೂ ಹಾಗೇ ಏನಾದ್ರೂ ಬೇಕಾಗಿರ್ಲಿ, ಅದಕ್ಕೆ ಅಡ್ಡಿ ಇರ್ಲಿ, ಮತ್ತೆ ಅವನು ಏನೇ ಮಾಡಿದ್ರೂ ಕೈಯಿಂದ ಏನೋ ಕಳ್ಕೋಬೇಕು. ದೂರ ಹುಡುಕೋದೇ ಬೇಡ, ಬಸ್ಸಲ್ಲೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸೊನ್ನೆ ಟಿಕೆಟ್, ಆದ್ರೆ ಗುರುತಿನ ಚೀಟಿ ತೋರಿಸ್ಬೇಕು. ಒಬ್ಬ ಮುದುಕಿ ಹತ್ತಿ "ಕಾರ್ಡ್ ಮನ್ಯಾಗ ಬಿಟ್ಟ ಬಂದೇನಿ ತಮ್ಮಾ" ಅಂತಾಳೆ. ಸುಮ್ನೆ ಸೊನ್ನೆ ಟಿಕೆಟ್ ಕೊಟ್ರೆ, ಮುಂದಿನ ಸ್ಟಾಪಲ್ಲಿ ಚೆಕಿಂಗ್‌ನವರು ಹತ್ತಿದ್ರೆ ಇವನ ಕುತ್ತಿಗೆಗೇ ಬರುತ್ತೆ. ದುಡ್ಡು ಕೇಳಿದ್ರೆ ಅವಳ ಹತ್ರ ಇಲ್ಲ. ಇಳಿಸ್ತಾನಾ, ತನ್ನ ಜೇಬಿಂದ ಹಾಕ್ತಾನಾ, ಹಾಕಿ ಆಮೇಲೆ ಆ ಸಿಟ್ಟನ್ನ ಹಿಂದಿನ ಸೀಟಿನ ಕಾಲೇಜು ಹುಡುಗನ ಮೇಲೆ ತೀರಿಸ್ತಾನಾ? ನಾನಾಗಿದ್ರೆ ಮೂರನೇದು ಬರೀತಿದ್ದೆ. ಹಾಗೆ ಮಾಡಿದ್ರೆ "ಮೃದು ಸ್ವಭಾವ" ಅಂತ ನೀವು ಎಲ್ಲೂ ಹೇಳಬೇಕಾಗಿಲ್ಲ, ಅವನು ಪೂರ್ತಿ ಮೃದು ಅಲ್ಲ ಅನ್ನೋದೂ ಗೊತ್ತಾಗುತ್ತೆ.

ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದು ಕೊಡ್ತಾರಲ್ಲ, ಅದೂ ಇದೆ. ಏಳು ರೂಪಾಯಿ ಮರೆತು ಇಳಿದು ಹೋಗೋರನ್ನ ಕೂಗಿ ಕರೀತಾನಾ? ಬೆಳಿಗ್ಗೆ ಕರೆದವನು, ರಾತ್ರಿ ಡಿಪೋದಲ್ಲಿ ಲೆಕ್ಕ ಕಮ್ಮಿ ಬೀಳುತ್ತೆ ಅಂತ ಗೊತ್ತಾದ ಮೇಲೆ ಕಂಡೂ ಕಾಣದ ಹಾಗೆ ಇರಬಹುದು.

ಇನ್ನು ಮಾತು. ಗದಗದ ಕಂಡಕ್ಟರ್ ಬಾಯಲ್ಲಿ "ದಯವಿಟ್ಟು ಎಲ್ಲರೂ ಮುಂದಕ್ಕೆ ಚಲಿಸಿ" ಅಂತ ಬರೆದಿದ್ದೀರಲ್ಲ, ನೀವು ಅಲ್ಲಿಯವರೇ ಅಲ್ವಾ ಮಾರಾಯ್ರೇ! "ಒಳಗ ಸರೀರಿ, ಜಾಗಾ ಐತಿ" ಅನ್ನೋಕೆ ಯಾಕೆ ಸಂಕೋಚ? ಹಾಗಂತ ಸಾಲು ಸಾಲಿಗೂ ಐತಿ, ಬೇಕ್ರಿ ತುರುಕೋಕೂ ಹೋಗ್ಬೇಡಿ.

ಅತ್ತೆ ಪಾತ್ರದ ಬಗ್ಗೆ ಜಾಸ್ತಿ ಹೇಳಲ್ಲ, ಸೀರಿಯಲ್‌ನಿಂದ ಎದ್ದು ಬಂದಿದ್ದಾರೆ, ತೆಗೆದ್ರೂ ಕತೆಗೆ ಏನೂ ಆಗಲ್ಲ. ಕೊನೇ ಕನಸಿನ ಸೀನೂ ಬೇಡ. ಮೊದಲ ಎರಡು ಪುಟ ಕಿತ್ತು, ಬಸ್ ಹೊರಟಲ್ಲಿಂದಲೇ ಶುರು ಮಾಡಿ ಬರೆದು ಕಳಿಸಿ, ಈ ಸಲ ನಾನೇ ಕೂತು ಓದ್ತೀನಿ.