ಜಿನೋವಾ ಹತ್ತಿರ ಗದ್ದಲವಿಲ್ಲದ ಕಡಲೂರು: ಅಮ್ಮನ ಜೊತೆ ಎರಡು ದಿನಕ್ಕೆ ಕಮೋಲಿ

ನಿಮ್ಮ ಪ್ರಶ್ನೆ ಇದು: ಜೂನ್ ಮೊದಲ ವಾರ ಇಟಲಿಯ ಜಿನೋವಾ ಕಡೆ ಎರಡು ದಿನ ಸಿಗುತ್ತದೆ, ಅದೇ ಕರಾವಳಿಯ ಐದು ಪ್ರಸಿದ್ಧ ಹಳ್ಳಿಗಳಾದ ಚಿಂಕ್ವೆ ತೆರ್ರೆಯ ನೂಕುನುಗ್ಗಲು ಬೇಡ, ಜೊತೆಯಲ್ಲಿ ಮೊಣಕಾಲು ನೋವಿನ ಅಮ್ಮ ಇದ್ದಾರೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿಗೆ ಹೋಗಬಹುದು?

ಕಮೋಲಿಗೆ ಹೋಗಿ, ಮತ್ತು ಅಲ್ಲೇ ರಾತ್ರಿ ಉಳಿಯಿರಿ. ಪೋರ್ಟೊಫಿನೊ ಬೆಟ್ಟದ ಪೂರ್ವಕ್ಕಿರುವ ಪೋರ್ಟೊಫಿನೊ ಊರಿಗೆ ಎಲ್ಲರೂ ಓಡುತ್ತಾರೆ. ಅದೇ ಬೆಟ್ಟದ ಪಶ್ಚಿಮ ಮಗ್ಗುಲಲ್ಲಿರುವ ಕಮೋಲಿಯನ್ನು ರೈಲಿನ ಕಿಟಕಿಯಿಂದ ನೋಡಿ ಮುಂದೆ ಸಾಗುವವರೇ ಹೆಚ್ಚು. ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗ್ಗೆ ಊರು ಬೆಟ್ಟದ ನೆರಳಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಬಂದಾಗಲೇ ಆರೇಳು ಅಂತಸ್ತಿನ ಆ ಮನೆಗಳ ಬಣ್ಣ ಎದ್ದು ಕಾಣುತ್ತದೆ. ಬೆಳಗ್ಗೆ ಬಂದು ಮಧ್ಯಾಹ್ನ ಹೊರಟವರಿಗೆ ಊರು ಅರ್ಧದಷ್ಟೂ ಸಿಕ್ಕಿರುವುದಿಲ್ಲ. ಗೋಡೆಯ ಕಿಟಕಿಗಳನ್ನು ಹತ್ತಿರದಿಂದ ನೋಡಿ, ಎಷ್ಟೋ ಕಿಟಕಿಗಳು ಬರೀ ಚಿತ್ರ.

ಜಿನೋವಾದ ಪ್ರಿಂಚಿಪೆ ಅಥವಾ ಬ್ರಿನ್ಯೋಲೆ ನಿಲ್ದಾಣದಿಂದ ಸೆಸ್ತ್ರಿ ಲೆವಾಂತೆ ಇಲ್ಲವೇ ಲಾ ಸ್ಪೆಜಿಯಾ ಕಡೆಯ ಪ್ಯಾಸೆಂಜರ್ ರೈಲು ಹಿಡಿಯಿರಿ. ಅದನ್ನು ಅಲ್ಲಿ 'ರೆಜೊನಾಲೆ' ಎನ್ನುತ್ತಾರೆ. ಪ್ರಯಾಣ ಸುಮಾರು 40 ನಿಮಿಷ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮೊಬೈಲ್ ಟಿಕೆಟ್ ಆದರೆ ಚೆಕ್-ಇನ್ ಮಾಡಬೇಕು. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟುವವರು ತಪ್ಪುವುದು ಇಲ್ಲೇ. ನಿಲ್ದಾಣದ ಹೆಸರು 'ಕಮೋಲಿ-ಸಾನ್ ಫ್ರುತ್ತುವೋಸೊ' ಎಂದಿದೆ ಅಂತ ಸಾನ್ ಫ್ರುತ್ತುವೋಸೊ ಎಂಬ ಕೊಲ್ಲಿ ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ. ಅಲ್ಲಿಗೆ ರೈಲಿರಲಿ, ರಸ್ತೆಯೂ ಇಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಅಮ್ಮನ ಮೊಣಕಾಲಿನ ದೃಷ್ಟಿಯಿಂದ ಎಚ್ಚರ ಬೇಕಾದದ್ದು ಮೆಟ್ಟಿಲುಗಳ ಬಗ್ಗೆ. ನಿಲ್ದಾಣ ಮೇಲಿದೆ, ಸಮುದ್ರ ಕೆಳಗಿದೆ. ಬೀಚಿಗೆ, ಬಂದರಿಗೆ, ಒಂದು ಬೀದಿಯಿಂದ ಇನ್ನೊಂದಕ್ಕೆ ಎಲ್ಲೆಡೆ ಮೆಟ್ಟಿಲೇ. ರೂಮು ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ನಿಲ್ದಾಣದಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಕಟ್ಟಡದಲ್ಲಿ ಲಿಫ್ಟ್ ಇದೆಯೇ. 'ಸಮುದ್ರದ ನೋಟ' ಅಂದರೆ ಬಹಳ ಸಲ ಲಿಫ್ಟ್ ಇಲ್ಲದ ಐದನೇ ಮಹಡಿ ಎಂದೇ ಅರ್ಥ. ನನ್ನ ಸಲಹೆ, ನೋಟ ಬಿಟ್ಟು ನಿಲ್ದಾಣದ ಮಟ್ಟದ ಬೀದಿಯಲ್ಲೇ ರೂಮು ಹಿಡಿಯಿರಿ. ದೊಡ್ಡ ಸೂಟ್‌ಕೇಸನ್ನು ಜಿನೋವಾದಲ್ಲಿ ಬಿಟ್ಟು ಬೆನ್ನಿಗೆ ಹಾಕುವ ಚೀಲದಲ್ಲಿ ಬನ್ನಿ. ಬೀಚು ಮರಳಿನದಲ್ಲ, ದುಂಡು ಕಲ್ಲಿನದು. ನೀರಿಗಿಳಿಯಲು ರಬ್ಬರ್ ಅಡಿಯ ಶೂ ಬೇಕು, ಹವಾಯಿ ಚಪ್ಪಲಿ ಕಲ್ಲಿನ ಮೇಲೆ ಹೊರಳುತ್ತದೆ.

ದೋಣಿಯನ್ನು ಮೊದಲ ದಿನವೇ ಹತ್ತಿ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಕಮೋಲಿ ಬಂದರಿನಿಂದ ಪುಂತಾ ಕ್ಯಾಪ್ಪಾ ಎಂಬ ಭೂಶಿರ ದಾಟಿ ಸಾನ್ ಫ್ರುತ್ತುವೋಸೊ ಕೊಲ್ಲಿಗೆ ಅರ್ಧ ಗಂಟೆ. ಬೆಟ್ಟ ನೇರ ಸಮುದ್ರಕ್ಕಿಳಿಯುವ ಆ ಸಣ್ಣ ಕೊಲ್ಲಿಯಲ್ಲಿ ಹಳೆಯ ಮಠವಿದೆ, ಅದರೊಳಗೆ ಜಿನೋವಾದ ದೋರಿಯಾ ಮನೆತನದ ಸಮಾಧಿಗಳಿವೆ. ಕೊಲ್ಲಿಯ ಬಾಯಿ ದಕ್ಷಿಣಕ್ಕೆ ತೆರೆದಿದೆ. ದಕ್ಷಿಣದ ಗಾಳಿ ಬೀಸಿದರೆ ಅಲೆ ಒಳಗೆ ನುಗ್ಗಿ ದೋಣಿ ದಡಕ್ಕೆ ತಾಗಲಾಗುವುದಿಲ್ಲ, ಆ ದಿನ ಸಂಚಾರ ರದ್ದು. ಕಮೋಲಿಯಲ್ಲಿ ಬಿಸಿಲಿದೆ ಅಂದ ಮಾತ್ರಕ್ಕೆ ದೋಣಿ ಇದೆ ಎಂದಲ್ಲ. ಹವಾಮಾನದಲ್ಲಿ 'ಮಾರೆ ಮೊಸ್ಸೊ' ಅಂತ ಕಂಡರೆ, ಅಂದರೆ ಕಡಲು ಎದ್ದಿದೆ ಅಂತ, ಬಂದರಿನಲ್ಲಿ ಕೇಳಿಯೇ ಯೋಜನೆ ಮಾಡಿ. ಮೊದಲ ದಿನ ತಪ್ಪಿದರೆ ಎರಡನೇ ದಿನ ಉಳಿದಿರುತ್ತದೆ. ಹತ್ತಿ ಇಳಿಯಲು ಹಲಗೆ ಹಾಕುತ್ತಾರೆ, ಅದು ಅಲುಗುತ್ತದೆ. ಅಮ್ಮನ ಕೈ ಹಿಡಿಯಲು ಸಿಬ್ಬಂದಿಗೆ ಮೊದಲೇ ಹೇಳಿಡಿ. ಇಳಿದ ಕೂಡಲೇ ಕೊನೆಯ ದೋಣಿ ಎಷ್ಟಕ್ಕೆ ಎಂದು ನೋಡಿಕೊಳ್ಳಿ. ತಪ್ಪಿದರೆ ಪೋರ್ಟೊಫಿನೊವರೆಗೆ ಒಂದೂವರೆ ಎರಡು ಗಂಟೆ ಬೆಟ್ಟ ಹತ್ತಿಳಿಯಬೇಕು, ಮೊಣಕಾಲು ನೋವಿನವರಿಂದ ಅದು ಸಾಧ್ಯವಿಲ್ಲ.

1954ರಲ್ಲಿ ಅಲ್ಲಿ ಸಮುದ್ರದೊಳಗೆ ಇಳಿಸಿದ ಕ್ರಿಸ್ತನ ಕಂಚಿನ ಪ್ರತಿಮೆ ಸುಮಾರು 17 ಮೀಟರ್ ಆಳದಲ್ಲಿದೆ. ಅದು ಮುಳುಗುಗಾರರಿಗೆ ಮಾತ್ರ, ದೋಣಿಯಿಂದ ಕಾಣುತ್ತದೆ ಎಂದು ಕಾಯಬೇಡಿ. ದಾರಿಯಲ್ಲಿ ಪುಂತಾ ಕ್ಯಾಪ್ಪಾ ಕಡೆ ನೀರಿನ ಮೇಲೆ ತೇಲುಗಳ ಸಾಲು ಕಂಡರೆ ಗಮನವಿಟ್ಟು ನೋಡಿ. ಅದು 'ತೊನ್ನಾರೆಲ್ಲಾ', ವಸಂತದಿಂದ ಬೇಸಿಗೆಯ ಕೊನೆಯವರೆಗೆ ಒಂದೇ ಜಾಗದಲ್ಲಿ ಕಟ್ಟಿಡುವ ಮೀನು ಬಲೆ, ಕೈಯಿಂದಲೇ ಎತ್ತುತ್ತಾರೆ. ಆ ಬಲೆ ತೆಂಗಿನ ನಾರಿನದು! ನಮ್ಮ ಕರಾವಳಿಯವರಿಗೆ ಅಷ್ಟು ಪರಿಚಿತವಾದ ವಸ್ತು ಅಲ್ಲಿ ಕಾಣುವುದು ನಿಜಕ್ಕೂ ಸಂತೋಷ.

ಎರಡನೇ ದಿನ ಸಾನ್ ರೊಕ್ಕೊ. 221 ಮೀಟರ್ ಎತ್ತರದಲ್ಲಿರುವ ಈ ಹಳ್ಳಿಯ ಚರ್ಚಿನ ಅಂಗಳದಿಂದ ಕಮೋಲಿ ಮುಂದಿನ ಇಡೀ ಕೊಲ್ಲಿ ಕಾಣುತ್ತದೆ. ನೀವು ಒಬ್ಬರೇ ಆದರೆ ಮೆಟ್ಟಿಲ ದಾರಿಯಲ್ಲಿ ಮುಕ್ಕಾಲು ಗಂಟೆ, ಅಮ್ಮನಿಗೆ ಸಣ್ಣ ಬಸ್ಸಿದೆ. ಬಸ್ಸುಗಳು ವಿರಳ, ಹಿಂದಿರುಗುವ ವೇಳೆಯನ್ನೂ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಕಡಲಂಚಿನ 'ಬತ್ತೆರಿಯೆ' ದಾರಿಯಲ್ಲಿ ಸರಪಳಿ ಹಿಡಿದು ದಾಟುವ ಬಂಡೆಗಳಿವೆ. ಮಳೆ ಬಂದ ಮರುದಿನ ನೀವೂ ಹೋಗಬೇಡಿ.

ಊಟ. ಫಾರಿನಾತಾ ನಿಶ್ಚಿಂತೆಯಿಂದ ತಿನ್ನಬಹುದು: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಫೊಕಾಚಾ ಎಂಬ ಚಪ್ಪಟೆ ಬ್ರೆಡ್ಡನ್ನು ತೂಕದ ಮೇಲೆ ಕೊಡುತ್ತಾರೆ. 'ಉನ್ ಎತ್ತೊ' ಅಂದರೆ 100 ಗ್ರಾಂ, ಒಬ್ಬರಿಗೆ ಎರಡು ಎತ್ತೊ ಸಾಕು. ಕೆಲವರು ಆಲಿವ್ ಎಣ್ಣೆಗೆ ಬದಲು ಹಂದಿ ಕೊಬ್ಬು ಹಾಕುವುದುಂಟು, 'ಸ್ತ್ರುತ್ತೊ ಇದೆಯಾ' ಎಂದು ಕೇಳಿ. ಪಕ್ಕದ ರೆಕ್ಕೊ ಊರಿನ ಚೀಸ್ ಫೊಕಾಚಾಕ್ಕೆ ಹೆಸರಿದೆ, ಪಾಸ್ತಾಕ್ಕೆ ಬೆರೆಸುವ ತುಳಸಿ ಜಾತಿಯ ಬೇಸಿಲ್ ಎಲೆಯ ಚಟ್ನಿ ಪೆಸ್ತೊ ಇಲ್ಲಿಯದೇ. ಆದರೆ ಪೆಸ್ತೊಗೆ ಹಾಕುವ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡುತ್ತಾರೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿ, ತೀರ್ಮಾನ ಅವರದು. ಬೇಡವೆಂದರೆ ಟೊಮೆಟೊ ಸಾರಿನ ಒಣ ಪಾಸ್ತಾ ಚೀಸಿಲ್ಲದೆ ಕೇಳಿ. ತಾಜಾ ಪಾಸ್ತಾಕ್ಕೆ ಮೊಟ್ಟೆ ಬೆರೆಸಿರುವುದುಂಟು. 'ಕಮೋಲ್ಯೇಸಿ' ಎಂಬ ಚಾಕೊಲೇಟ್ ಸಿಹಿಯೊಳಗೆ ರಮ್ ಇರುತ್ತದೆ. ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚಿ ಸಂಜೆ ಏಳರ ಮೇಲೆಯೇ ತೆರೆಯುತ್ತದೆ.

ದಿನಾಂಕ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಜೂನ್ 2 ತಪ್ಪಿಸಿ. ಅದು ಇಟಲಿಯ ಗಣರಾಜ್ಯ ದಿನ, ಜಿನೋವಾ ಮಿಲಾನ್‌ನವರೂ ಕಡಲಿಗೇ ಬರುತ್ತಾರೆ. ಆ ವಾರದ ಮಂಗಳವಾರದಿಂದ ಗುರುವಾರದ ನಡುವೆ, ರಜೆ ಬಿಟ್ಟು, ಯಾವ ಎರಡು ದಿನವಾದರೂ ಸರಿ.