ಶೇರು ಜೂಜಿನ ಸೇಠನ ಬಗ್ಗೆ ನೀವು ಬರೆದದ್ದು

ಆತ್ಮೀಯರೇ,

ಆ ಸೇಠನ ಕಾದಂಬರಿಯ ಮೇಲೆ ನೀವು ಬರೆದ ಲೇಖನ ಓದಿದೆ. ಈ ಸಂಚಿಕೆಗೆ ಹಾಕುವುದಿಲ್ಲ. ಬೇರೆಯಾಗಿ ಬರೆದು ಕಳಿಸಿದರೆ ಮುಂದಿನದಕ್ಕೆ ಜಾಗ ಇಟ್ಟಿರುತ್ತೇನೆ.

1860ರ ದಶಕದ ಮುಂಬಯಿ. ಹತ್ತಿ ದಲ್ಲಾಳಿಯೊಬ್ಬ ಶೇರು ಜೂಜಿನಲ್ಲಿ ಮೇಲೇರಿ, ಗವರ್ನರನ ಔತಣಕ್ಕೂ ಕರೆ ಬರುವಷ್ಟು ದೊಡ್ಡವನಾಗಿ, ಕೊನೆಗೆ ಮುಳುಗುತ್ತಾನೆ. ಎಂಟು ಪುಟದಲ್ಲಿ ಆರು ಪುಟ ನೀವು ಈ ಕಥೆಯನ್ನೇ ಹೇಳಿದ್ದೀರಿ. ಉಳಿದೆರಡರಲ್ಲಿ 'ಅತಿ ಆಸೆ ಗತಿ ಕೇಡು' ಎಂದು ತೀರ್ಪು. ಅಷ್ಟು ದಪ್ಪ ಕಾದಂಬರಿ ಓದಬೇಕಿತ್ತೇ ಇದಕ್ಕೆ? ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.

ಆದರೆ ಐದನೇ ಪುಟದಲ್ಲಿ ಒಂದು ಸಾಲಿದೆ. ಸೇಠನ ಹೆಂಡತಿ ಔತಣಕ್ಕೆಂದು ಬೆಳ್ಳಿ ತಟ್ಟೆಗಳನ್ನು ಗುಟ್ಟಾಗಿ ಎರವಲು ತರಿಸುತ್ತಾಳಲ್ಲ, ಅಲ್ಲಿ 'ಇದು ಯಾರಿಗೂ ಗೊತ್ತಾಗದಿರಲಿ ಎಂದು ನನಗೂ ಅನ್ನಿಸಿತು' ಎಂದು ಬರೆದು ಮುಂದೆ ಓಡಿದ್ದೀರಿ. ಓಡಬೇಡಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ಯಾಕೆ ಹಾಗನ್ನಿಸಿತು? ನಿಮ್ಮ ತಂದೆ ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರೆಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಸಾಲ ಮಾಡಿ ದೊಡ್ಡ ಹಾಲ್‌ನಲ್ಲಿ ಮಗಳ ಮದುವೆ ಮಾಡುವವರನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ. ಆ ಹೆಂಗಸಿನ ಭಯ ನಿಮಗೆ ಒಳಗಿನಿಂದ ಗೊತ್ತು. ಗೊತ್ತಿದ್ದೂ ನ್ಯಾಯಾಧೀಶರ ಕುರ್ಚಿಯಲ್ಲಿ ಹೋಗಿ ಕೂತಿರಿ.

ಇತಿಹಾಸದ ಭಾಗವಂತೂ ತೀರಾ ತೆಳು. 'ಅಮೆರಿಕದಲ್ಲಿ ಯುದ್ಧವಾಗಿ ಹತ್ತಿಗೆ ಬೆಲೆ ಬಂತು' ಅಂದರೆ ಮುಗಿಯಿತೇ? 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳಿಗೆ ಹತ್ತಿ ಬರುವುದು ತಪ್ಪಿದಾಗ ಅವರು ಕೈಚಾಚಿದ್ದು ಮುಂಬಯಿಯತ್ತ. ಆ ಹತ್ತಿಯಲ್ಲಿ ಒಂದು ಪಾಲು ನಮ್ಮ ಧಾರವಾಡ, ಗದಗ ಕಡೆಯದು. ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಇಲ್ಲಿಗೆ, ಮುಂಬಯಿಗೆ, ಬರುತ್ತಿತ್ತು. ಉತ್ತರ ಕನ್ನಡ ಮದ್ರಾಸಿನ ಕೈಯಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದೂ ಅದೇ ಹೊತ್ತಿನಲ್ಲಿ, 1862ರಲ್ಲಿ. ಸೇಠನ ಬಂಗಲೆಯ ತೂಗುದೀಪ ಉರಿದದ್ದು ಎರೆಹೊಲದ ದುಡ್ಡಿನಲ್ಲಿ. ಕಾದಂಬರಿಯಲ್ಲಿ ಹತ್ತಿ ಬಿಡಿಸುವ ಒಂದು ಕೈಯಾದರೂ ಕಾಣುತ್ತದೆಯೇ? ಕಾಣದಿದ್ದರೆ ಅದನ್ನು ಎತ್ತಿ ಹೇಳಬೇಕಾದವರು ಕನ್ನಡದ ಓದುಗರಾದ ನೀವಲ್ಲದೆ ಇನ್ನಾರು?

ಇನ್ನು ಆ ಗಾದೆ. 1865ರಲ್ಲಿ ಯುದ್ಧ ನಿಂತಿತು, ಹತ್ತಿಯ ಬೆಲೆ ಬಿತ್ತು, ಶೇರು ವಾಯಿದೆಗಳ ಲೆಕ್ಕ ಚುಕ್ತಾ ಮಾಡಬೇಕಿದ್ದ ಜುಲೈ 1ರಂದು ಊರಿನ ದೊಡ್ಡ ದೊಡ್ಡ ವ್ಯಾಪಾರಿ ಮನೆತನಗಳೇ ಉರುಳಿದವು. ಆ ಶೇರು ಜೂಜಿನ ರಾಜನೆನಿಸಿದ್ದ ಪ್ರೇಮಚಂದ್ ರಾಯಚಂದ್ ಕೂಡ ಬಿದ್ದರು. ಆದರೆ ಏರಿದ್ದ ಕಾಲದಲ್ಲಿ ಅವರು ಕೊಟ್ಟ ದೇಣಿಗೆಯಿಂದಲೇ, ಅವರ ತಾಯಿಯ ಹೆಸರಿನಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ತಿಯಾಯಿತು. ನಿಮ್ಮ ಗಾದೆಯೊಳಗೆ ಅದನ್ನು ಎಲ್ಲಿ ಕೂರಿಸುತ್ತೀರಿ? ಉತ್ತರ ನನ್ನ ಹತ್ತಿರವೂ ಇಲ್ಲ, ಆ ತೊಡಕೇ ಲೇಖನದಲ್ಲಿ ಬರಲಿ.

ಕಥಾಸಾರ ಒಂದು ಪ್ಯಾರಾ ದಾಟದಿರಲಿ. 'ಮನಮುಟ್ಟುವ', 'ಅದ್ಭುತ' ಇವನ್ನೆಲ್ಲ ಹೊಡೆದುಹಾಕಿ. ಮತ್ತೆ, ದಯವಿಟ್ಟು ಟೈಪ್ ಮಾಡಿಸಿ ಕಳಿಸಿ. ಕೈಬರಹದ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಲೋಕಲ್ ಟ್ರೇನಿನಲ್ಲಿ ನಿಂತು ಓದಲು ನನ್ನಿಂದಾಗದು.

ನಿಮ್ಮ,
ಸಂಪಾದಕ