ಡಿಸ್ಲೆಕ್ಸಿಯಾ ಇದ್ದವರು ಪಿಯುಸಿಯಲ್ಲಿ ಸೈನ್ಸ್ ತಗೊಂಡು ಸಂಶೋಧನೆವರೆಗೆ ಹೋಗಬಹುದಾ?

ಹೋಗಬಹುದು. ನನಗೂ ಡಿಸ್ಲೆಕ್ಸಿಯಾ, ಅಂದರೆ ಓದುವುದು ಬರೆಯುವುದು ಕಷ್ಟವಾಗುವ ಕಲಿಕಾ ನ್ಯೂನತೆ ಇದೆ. ಸಸ್ಯಗಳ ಜೀವಕೋಶದ ಮೇಲೆ ಕೆಲಸ ಮಾಡುವ ಒಂದು ಲ್ಯಾಬ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಬಯಾಲಜಿ ಅಂದರೆ ಇಷ್ಟ, ಆದರೆ ಓದುವುದು ನಿಧಾನ, ಅದಕ್ಕೆ ಮನೆಯವರು ಆರ್ಟ್ಸ್ ತಗೋ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆರ್ಟ್ಸ್‌ನಲ್ಲಿ ಪುಟಗಟ್ಟಲೆ ಓದಬೇಕು, ಬರೆಯಬೇಕು. ಓದುವುದು ಕಷ್ಟ ಅನ್ನುವವರಿಗೆ ಆ ಸಲಹೆ ಹೇಗೆ ಸರಿ ಹೋಗುತ್ತದೆ? ನಿಮಗೆ ಬಯಾಲಜಿ ಇಷ್ಟ ಅಂದಮೇಲೆ ಅದನ್ನೇ ತಗೊಳ್ಳಿ.

ನನ್ನ ಅನುಭವದಲ್ಲಿ ವಿಜ್ಞಾನದ ಕೆಲಸಕ್ಕಿಂತ ಅದರೊಳಗೆ ಹೋಗುವ ಬಾಗಿಲೇ ಕಷ್ಟ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. ಉತ್ತರ ಗೊತ್ತಿದ್ದರೂ ಪ್ರಶ್ನೆ ಓದುವಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಲ್ಯಾಬ್‌ನಲ್ಲಿ ಯಾರೂ ಹೀಗೆ ಗಡಿಯಾರ ಹಿಡಿದು ನಿಲ್ಲುವುದಿಲ್ಲ. ಒಂದು ಸಂಶೋಧನಾ ಪೇಪರನ್ನು ನಾನು ಎರಡು ದಿನ ಓದುತ್ತೇನೆ, ಪರವಾಗಿಲ್ಲ.

ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗಬೇಕಾದರೆ ಮೊದಲ ಕೆಲಸ ಡಿಸ್ಲೆಕ್ಸಿಯಾ ಇದೆ ಎಂಬ ಪ್ರಮಾಣಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆ ಮಾಡುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ ಸಿಗುತ್ತದೆ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. ನ್ಯೂನತೆ ಶೇ. 40 ಅಥವಾ ಹೆಚ್ಚು ಎಂದು ಬಂದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿಯೂ ಇದೆ, ಕನಿಷ್ಠ ಶೇ. 5. ಕಮ್ಮಿ ಬಂತು ಅಂತ ಕೈಬಿಡಬೇಡಿ. ಬರೆಯಲು ಕಷ್ಟ ಇರುವವರಿಗೆ ಸ್ಕ್ರೈಬ್, ಅಂದರೆ ಹೇಳಿದ ಉತ್ತರ ಬರೆದುಕೊಡುವವರನ್ನು ಕೊಡಲು ಶೇ. 40 ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇದನ್ನೆಲ್ಲ ಕೇಳಲು ನಾಚಿಕೆ ಬೇಡ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವವರನ್ನು ಯಾರೂ ತಪ್ಪು ಅನ್ನುವುದಿಲ್ಲ ಅಲ್ವಾ?

ಪಿಯುಸಿಯ ಮೊದಲ ಆರು ತಿಂಗಳು ನಿಜಕ್ಕೂ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕನ್ನಡದಲ್ಲಿ ಅಕ್ಷರ ನೋಡಿದರೆ ಉಚ್ಚಾರ ಗೊತ್ತಾಗುತ್ತದೆ. ನಿಧಾನವಾದರೂ ಸರಿಯಾಗಿ ಓದಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಆ ಭರವಸೆ ಇಲ್ಲ. ಅದರ ಮೇಲೆ ಬಯಾಲಜಿ ಹೆಸರುಗಳು. ಥಯಾಮಿನ್ ವಿಟಮಿನ್, ಥೈಮಿನ್ ಡಿಎನ್‌ಎಯಲ್ಲಿರುವುದು. ಗ್ಲೈಕೋಜನ್ ದೇಹ ಕೂಡಿಡುವ ಸಕ್ಕರೆ, ಗ್ಲುಕಗಾನ್ ಅದನ್ನು ಒಡೆಸುವ ಹಾರ್ಮೋನ್. ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ. ನಾನು ಪ್ರತಿ ಪದವನ್ನೂ ಮೊದಲು ಕಿವಿಯಲ್ಲಿ ಕೇಳುತ್ತೇನೆ, ಜೋರಾಗಿ ಹೇಳುತ್ತೇನೆ, ಆಮೇಲೆ ತುಂಡು ಮಾಡಿ ಬರೆಯುತ್ತೇನೆ. ಪಾಠವನ್ನು ಫೋನ್ ಓದಿ ಹೇಳುವಂತೆ ಮಾಡಿಕೊಳ್ಳಿ. ಚಿಕ್ಕ ಪರದೆಯಲ್ಲಿ ಸಾಲಿಗೆ ಕೆಲವೇ ಪದ ಇದ್ದರೆ ನಮ್ಮಂಥ ಕೆಲವರಿಗೆ ಓದುವುದು ಸುಲಭ ಎಂದು ಅಧ್ಯಯನವೂ ಇದೆ. ಅದರಲ್ಲಿ ಮುಖ್ಯ ಪಾತ್ರ ವಹಿಸಿದ ಮ್ಯಾಥ್ಯೂ ಶ್ನೆಪ್ಸ್ ಡಿಸ್ಲೆಕ್ಸಿಯಾ ಇರುವ ಖಗೋಳವಿಜ್ಞಾನಿ.

ಡಿಸ್ಲೆಕ್ಸಿಯಾ ಒಂದು ವರ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ದಿನಾ ಸುಸ್ತಾಗುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಅಮೆರಿಕದ ಜೀವವಿಜ್ಞಾನಿ ಕ್ಯಾರಲ್ ಗ್ರೈಡರ್ ಕಥೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಾಲೆಯಲ್ಲಿ ಸ್ಪೆಲಿಂಗ್‌ಗಾಗಿ ಬೇರೆ ಕ್ಲಾಸಿಗೆ ಕಳಿಸುತ್ತಿದ್ದರು. ಅಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಅಂಕ ಕಮ್ಮಿ, ಪಿಎಚ್‌ಡಿಗೆ ಬಹಳ ಕಡೆ ಸೀಟು ಸಿಗಲಿಲ್ಲ. ಆದರೆ ಅಷ್ಟರಲ್ಲೇ ಲ್ಯಾಬ್‌ನಲ್ಲಿ ಕೆಲಸ ಮಾಡಿ ಅನುಭವ ಇತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. 1984ರ ಕ್ರಿಸ್‌ಮಸ್ ದಿನ ಟೆಲೊಮರೇಸ್ ಎಂಬ ಕಿಣ್ವದ ಸುಳಿವು ಕಂಡರು, 2009ರಲ್ಲಿ ನೊಬೆಲ್ ಬಂತು.

ಅಂಕಪಟ್ಟಿ ಹೇಳದ್ದನ್ನು ಲ್ಯಾಬ್ ಕೆಲಸ ಹೇಳುತ್ತದೆ. ಹಾಗಾಗಿ ಬಿಎಸ್ಸಿಗೆ ಬಂದ ಕೂಡಲೇ ಲ್ಯಾಬ್ ಹುಡುಕಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅದಕ್ಕೆ ಪ್ರವೇಶ ಪರೀಕ್ಷೆ ಇಲ್ಲ, ಅರ್ಜಿ ಮತ್ತು ಶಿಫಾರಸು ಪತ್ರ ಸಾಕು.

ಲ್ಯಾಬ್‌ಗೆ ಸೇರಿದ ಮೊದಲ ವಾರವೇ ಗೈಡ್‌ಗೆ ವಿಷಯ ಹೇಳಿಬಿಡಿ. 0.15 ಅನ್ನು 0.51 ಎಂದು ಬರೆದರೆ ಪ್ರಯೋಗವೇ ಕೆಡುತ್ತದೆ. ಹಾಗಾಗಿ ಅಳತೆಯನ್ನು ನಾನು ಜೋರಾಗಿ ಓದುತ್ತೇನೆ, ಪಕ್ಕದವರು ನೋಡಿ ಹೌದು ಅನ್ನುತ್ತಾರೆ. ಟ್ಯೂಬ್‌ಗಳಿಗೆ ಬಣ್ಣದ ಮುಚ್ಚಳ. ಡಿಎನ್‌ಎ ಅಕ್ಷರಸಾಲನ್ನು ಕೈಯಲ್ಲಿ ಟೈಪ್ ಮಾಡುವುದೇ ಇಲ್ಲ, ಕಾಪಿ ಪೇಸ್ಟ್ ಮಾತ್ರ. ನಮ್ಮ ಲ್ಯಾಬ್‌ನಲ್ಲಿ ಈಗ ಎಲ್ಲರೂ ಹೀಗೇ ಮಾಡುತ್ತಾರೆ.